ಡಿಎಂಡಿಗೆ ಜೀನ್ ಥೆರಪಿ: ಸ್ನಾಯು ಚೇತರಿಸಿಕೊಂಡಿತು ಎಂದು ಯಾವ ಅಳತೆಯಿಂದ ಹೇಳುವುದು?

ದಾವಣಗೆರೆ_ತಂದೆ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಆರು ವರ್ಷ. ಅವನಿಗೆ ಸ್ನಾಯುಗಳು ಕ್ರಮೇಣ ಕ್ಷೀಣಿಸುವ ಡುಶೇನ್ ಮಸ್ಕ್ಯುಲರ್ ಡಿಸ್ಟ್ರೋಫಿ (ಡಿಎಂಡಿ) ಇರುವುದು ಜೀನ್ ಪರೀಕ್ಷೆಯಲ್ಲಿ ಖಚಿತವಾಗಿದೆ. ಜೀನಿನ ತುಣುಕುಗಳಾದ ಎಕ್ಸಾನ್‌ಗಳಲ್ಲಿ 45ರಿಂದ 50ರವರೆಗಿನ ಭಾಗ ಅವನಲ್ಲಿ ಇಲ್ಲ. ದಿನವೂ ಡೆಫ್ಲಜಕಾರ್ಟ್ ಎಂಬ ಸ್ಟಿರಾಯ್ಡ್ ಕೊಡುತ್ತಿದ್ದೇವೆ. ಓಡಾಡಿಕೊಂಡಿದ್ದಾನೆ, ಆದರೆ ನೆಲದಿಂದ ಏಳುವಾಗ ಮಂಡಿಗೆ ಕೈ ಊರುತ್ತಾನೆ.

ಅಮೆರಿಕದ ಎಲೆವಿಡಿಸ್ ಎಂಬ ಜೀನ್ ಥೆರಪಿಯ ಬಗ್ಗೆ ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಚಿಕಿತ್ಸೆಯಾದ 12 ವಾರಗಳಲ್ಲೇ ಸ್ನಾಯುವಿನಲ್ಲಿ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಸಾಮಾನ್ಯ ಮಟ್ಟದ ಸುಮಾರು ಮೂರನೇ ಒಂದು ಪಾಲಿಗೆ ಏರಿತೆಂದು ಒಂದು ಕಡೆ ಬರೆದಿದ್ದರೆ, ಅದೇ ಔಷಧದ ದೊಡ್ಡ ಪ್ರಯೋಗ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲವೆಂದು ಇನ್ನೊಂದು ಕಡೆ ಬರೆದಿದೆ. ಪ್ರೋಟೀನು ಬಂದಿದ್ದರೆ ಸ್ನಾಯು ಏಕೆ ಬಲಗೊಳ್ಳಲಿಲ್ಲ? ಬಲಗೊಂಡಿದ್ದರೆ ಅದು ಅಳತೆಗೆ ಏಕೆ ಸಿಗಲಿಲ್ಲ? ಅದರ ಬೆಲೆ 32 ಲಕ್ಷ ಡಾಲರ್, ಅಂದರೆ 25 ಕೋಟಿ ರೂಪಾಯಿಗೂ ಹೆಚ್ಚು. ಸಾರ್ವಜನಿಕರಿಂದ ಹಣ ಕೂಡಿಸೋಣ ಎಂದು ಬಂಧುಗಳು ಒತ್ತಾಯಿಸುತ್ತಿದ್ದಾರೆ. ಊರಿನವರ ಮುಂದೆ ಕೈಯೊಡ್ಡುವ ಮೊದಲು, ಚೇತರಿಕೆ ಎಂದು ಇವರು ಹೇಳುತ್ತಿರುವುದು ಏನನ್ನು ಎಂಬುದನ್ನು ನಾನು ಅರಿತುಕೊಳ್ಳಬೇಕು. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ನೇರನುಡಿ

ಸರ್, ಈ ರೋಗಕ್ಕೆ ಮೂಲ ಕಾರಣವೇ ಡಿಸ್ಟ್ರೋಫಿನ್ ಇಲ್ಲದಿರುವುದು. ಅದು ಮರಳಿ ಬಂದಿದೆ ಎಂದ ಮೇಲೆ ಚಿಕಿತ್ಸೆ ಫಲಿಸಿದೆ ಎಂದೇ ಅರ್ಥ. ಮಿಕ್ಕಿದ್ದೆಲ್ಲ ಅಂಕಿಅಂಶದವರ ಜಗಳ. ಸಮಯ ಕಳೆಯಬೇಡಿ, ಹಣ ಕೂಡಿಸಲು ಇಂದೇ ಆರಂಭಿಸಿ.

ಅಂಗಾಂಶ_ಪ್ರಯೋಗಾಲಯ

ನೇರನುಡಿ ಅವರೇ, ಅಷ್ಟು ಸರಳವಾಗಿದ್ದರೆ ನಾವೆಲ್ಲ ಸಂತೋಷಪಡುತ್ತಿದ್ದೆವು. ನಾನು ಸ್ನಾಯು ಬಯಾಪ್ಸಿಗಳನ್ನು ಸಂಸ್ಕರಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು, ಆದ್ದರಿಂದ ಮೂಲದಿಂದಲೇ ಹೇಳುತ್ತೇನೆ.

ಡಿಸ್ಟ್ರೋಫಿನ್ ಜೀನ್ ಮನುಷ್ಯನ ಜೀನ್‌ಗಳಲ್ಲೇ ಅತಿ ಉದ್ದವಾದವುಗಳಲ್ಲಿ ಒಂದು; ಅದರಲ್ಲಿ 79 ಎಕ್ಸಾನ್‌ಗಳಿವೆ. ಪ್ರೋಟೀನಿಗೆ ಬೇಕಾದ ಭಾಗವನ್ನಷ್ಟೇ ತೆಗೆದುಕೊಂಡರೂ ಅದು 11 ಸಾವಿರ ಡಿಎನ್‌ಎ ಅಕ್ಷರಗಳನ್ನು ಮೀರುತ್ತದೆ. ಅದನ್ನು ಸ್ನಾಯುವಿಗೆ ಹೊತ್ತೊಯ್ಯುವ ಎಎವಿ ವೈರಸ್ಸಿನಲ್ಲಿ ಹಿಡಿಸುವುದು ಸುಮಾರು 4,700 ಅಕ್ಷರಗಳು ಮಾತ್ರ. ಹೀಗಾಗಿ ನಡುವಿನ ಬಹುಭಾಗವನ್ನು ಕತ್ತರಿಸಿ, ಎರಡು ತುದಿಗಳ ಮುಖ್ಯ ಭಾಗಗಳನ್ನು ಉಳಿಸಿಕೊಂಡು ಕಟ್ಟಿದ್ದೇ ಮೈಕ್ರೋ-ಡಿಸ್ಟ್ರೋಫಿನ್. ಈ ಧೈರ್ಯ ಬಂದದ್ದು ಒಬ್ಬ ರೋಗಿಯ ದೆಸೆಯಿಂದ. ಜೀನಿನ ಸಂಕೇತ ಭಾಗದಲ್ಲಿ ಶೇ 46ರಷ್ಟು ಇಲ್ಲದಿದ್ದರೂ 61ನೆಯ ವಯಸ್ಸಿನಲ್ಲಿ ಇನ್ನೂ ನಡೆಯುತ್ತಿದ್ದ ಬೆಕರ್ (ಡಿಎಂಡಿಯ ಸೌಮ್ಯ ರೂಪ) ರೋಗಿಯೊಬ್ಬರ ವಿವರ 1990ರಲ್ಲಿ ಪ್ರಕಟವಾಯಿತು. ಮೈಕ್ರೋ-ಡಿಸ್ಟ್ರೋಫಿನ್ ಅದಕ್ಕಿಂತಲೂ ಚಿಕ್ಕದು, ಮೂಲದ ಮೂರನೇ ಒಂದು ಭಾಗದಷ್ಟು.

ಆದ್ದರಿಂದ ಪ್ರೋಟೀನಿನ ಪ್ರಮಾಣ ಅಳೆಯುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಶೇ 34 ಎಂದು ಬಂದಾಗ ಅದರ ಅರ್ಥ, ಆರೋಗ್ಯವಂತನ ಪೂರ್ಣ ಡಿಸ್ಟ್ರೋಫಿನ್ ಎಷ್ಟಿರುತ್ತದೋ ಅದಕ್ಕೆ ಹೋಲಿಸಿದರೆ ಈ ಮೊಟಕು ಪ್ರೋಟೀನು ಇಷ್ಟಿದೆ ಎಂದು ಮಾತ್ರ. ಆ ಹುಡುಗನ ಸ್ನಾಯುವಿಗೆ ಶೇ 34ರಷ್ಟು ರಕ್ಷಣೆ ಮರಳಿತು ಎಂದಾಗಲಿ, ಶೇ 34ರಷ್ಟು ನಾರುಗಳು ಗುಣವಾದವು ಎಂದಾಗಲಿ ಅದು ಹೇಳುವುದಿಲ್ಲ. ಇನ್ನೊಂದು ಮಾತು: ಎಲೆವಿಡಿಸ್‌ನ ಪ್ರೋಟೀನಿನಲ್ಲಿ ಎನ್‌ನಾಸ್ ಎಂಬ ಕಿಣ್ವವನ್ನು ಹಿಡಿದಿಟ್ಟುಕೊಳ್ಳುವ ಭಾಗ ಇಲ್ಲ. ದುಡಿಯುವ ಸ್ನಾಯುವಿಗೆ ರಕ್ತನಾಳ ಹಿಗ್ಗಿ ರಕ್ತ ಹರಿಯಬೇಕಾದರೆ ಆ ಕಿಣ್ವ ತನ್ನ ಜಾಗದಲ್ಲಿರಬೇಕು. ಸಾಲಿಡ್ ಬಯೋಸೈನ್ಸಸ್ ಕಂಪನಿ ಪರೀಕ್ಷಿಸುತ್ತಿರುವ ಇನ್ನೊಂದು ಜೀನ್ ಥೆರಪಿ ಎಸ್‌ಜಿಟಿ-003ರಲ್ಲಿ ಆ ಭಾಗವನ್ನು ಸೇರಿಸಿರುವುದು ಇದೇ ಕಾರಣಕ್ಕೆ.

ತುಂಗಾತೀರ

ಇಷ್ಟು ಸ್ಪಷ್ಟವಾಗಿ ಕನ್ನಡದಲ್ಲಿ ಓದಿದ್ದು ಇದೇ ಮೊದಲು, ದಯವಿಟ್ಟು ಮುಂದುವರಿಸಿ.

ಸಂಖ್ಯಾಶಾಸ್ತ್ರದ_ಮೇಷ್ಟ್ರು

"ಅಂಕಿಅಂಶದವರ ಜಗಳ" ಎಂಬ ಮಾತಿಗೆ ಉತ್ತರ ಕೊಡಲೇಬೇಕಾಗಿದೆ. ಎಲೆವಿಡಿಸ್‌ನ ಆ ದೊಡ್ಡ ಪ್ರಯೋಗವಾದ ಎಂಬಾರ್ಕ್‌ನಲ್ಲಿ 4ರಿಂದ 7 ವರ್ಷದೊಳಗಿನ, ನಡೆಯಬಲ್ಲ 125 ಹುಡುಗರಿದ್ದರು. ಯಾರಿಗೆ ಔಷಧ, ಯಾರಿಗೆ ಬರಿಯ ದ್ರಾವಣ ಎಂಬುದು ಪೋಷಕರಿಗೂ ತಿಳಿದಿರಲಿಲ್ಲ, ಅಳೆಯುವವರಿಗೂ ತಿಳಿದಿರಲಿಲ್ಲ. 52 ವಾರಗಳ ನಂತರ, ಚಲನೆಯ ಶಕ್ತಿಗೆ ಕೊಡುವ ನಾರ್ತ್ ಸ್ಟಾರ್ ಅಂಕಗಳಲ್ಲಿ ಔಷಧ ಪಡೆದವರು ಸರಾಸರಿ 2.57 ಅಂಕ ಏರಿದರು, ಪಡೆಯದವರು 1.92 ಅಂಕ ಏರಿದರು. ವ್ಯತ್ಯಾಸ 0.65 ಅಂಕ. ಇಷ್ಟು ಅಂತರ ಕೇವಲ ಆಕಸ್ಮಿಕವಾಗಿಯೂ ಬರಬಹುದಾದದ್ದು, ಆದ್ದರಿಂದಲೇ ಮುಖ್ಯ ಗುರಿ ಮುಟ್ಟಲಿಲ್ಲ ಎಂದರು.

ಇಲ್ಲಿ ಗಮನಿಸಬೇಕಾದದ್ದು ಎರಡನೆಯ ಸಂಖ್ಯೆಯನ್ನು. ಔಷಧವನ್ನೇ ಪಡೆಯದ ಮಕ್ಕಳೂ ಸುಮಾರು ಎರಡು ಅಂಕ ಏರಿದ್ದಾರೆ. ಸ್ಟಿರಾಯ್ಡ್ ತೆಗೆದುಕೊಳ್ಳುವ ಡಿಎಂಡಿ ಮಕ್ಕಳು ಆರೇಳು ವರ್ಷದವರೆಗೂ ಬೆಳವಣಿಗೆಯ ಬಲದಿಂದ ಹೊಸ ಚಟುವಟಿಕೆಗಳನ್ನು ಕಲಿಯುತ್ತಲೇ ಇರುತ್ತಾರೆ. ಇಳಿತ ಶುರುವಾಗುವುದು ಆನಂತರ. ಹೀಗಿರುವಾಗ ಐದು ವರ್ಷದ ಹುಡುಗ ಚಿಕಿತ್ಸೆಯಾದ ಮೇಲೆ ಮೆಟ್ಟಿಲು ಓಡಿ ಹತ್ತಿದ ವಿಡಿಯೋ ಒಂದನ್ನು ನೋಡಿ, ಅದು ಔಷಧದ ಫಲ ಎಂದು ಯಾರೂ ಹೇಳಲಾರರು. ಹೋಲಿಸಲು ಇನ್ನೊಂದು ಗುಂಪು ಇಲ್ಲದ ಯಾವ ಸಂಖ್ಯೆಯನ್ನೂ ಈ ವಯಸ್ಸಿನ ಮಕ್ಕಳಲ್ಲಿ ನಂಬಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನೇರನುಡಿ

ಮೇಷ್ಟ್ರೇ, ಅದೇ ಪ್ರಯೋಗದಲ್ಲಿ ನೆಲದಿಂದ ಏಳುವ ಸಮಯ ಕಡಿಮೆಯಾಯಿತು, 10 ಮೀಟರ್ ಓಟದ ಸಮಯವೂ ಕಡಿಮೆಯಾಯಿತು. ಅದನ್ನು ಏಕೆ ಬಿಟ್ಟಿರಿ?

ಸಂಖ್ಯಾಶಾಸ್ತ್ರದ_ಮೇಷ್ಟ್ರು

ಬಿಟ್ಟಿಲ್ಲ, ಅದಕ್ಕೆ ಸಲ್ಲುವ ತೂಕವನ್ನಷ್ಟೇ ಕೊಡಬೇಕು ಎನ್ನುತ್ತೇನೆ. ಏಳುವ ಸಮಯದಲ್ಲಿ 0.64 ಸೆಕೆಂಡ್, 10 ಮೀಟರ್‌ನಲ್ಲಿ 0.42 ಸೆಕೆಂಡ್ ಅಂತರ ಔಷಧದ ಪರವಾಗಿ ಬಂದಿದೆ. ಆದರೆ ಮುಖ್ಯ ಗುರಿಯನ್ನು ಮೊದಲೇ ಘೋಷಿಸುವುದು ಏಕೆಂದರೆ, ಹತ್ತು ಅಳತೆ ತೆಗೆದು ಅನುಕೂಲವಾದ ಎರಡನ್ನು ಆಮೇಲೆ ಆಯ್ದುಕೊಳ್ಳುವ ದಾರಿಯನ್ನು ಮುಚ್ಚುವುದಕ್ಕೆ. ಮುಖ್ಯ ಗುರಿ ತಪ್ಪಿದ ಮೇಲೆ ಉಳಿದವು ಸುಳಿವುಗಳೇ ಹೊರತು ಸಾಕ್ಷ್ಯವಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ವಿಮರ್ಶಕರ ತಂಡದ ನಿಲುವೂ ಅದೇ ಆಗಿತ್ತು. 2024ರ ಜೂನ್‌ನಲ್ಲಿ ಅನುಮತಿಯನ್ನು ವಿಸ್ತರಿಸಿದ್ದು ಅವರ ಮಾತನ್ನು ಬದಿಗಿಟ್ಟ, ಅಲ್ಲಿನ ಆಗಿನ ಹಿರಿಯ ಅಧಿಕಾರಿ ಪೀಟರ್ ಮಾರ್ಕ್ಸ್ ಅವರ ತೀರ್ಮಾನ. ಯುರೋಪಿನ ಔಷಧ ಸಂಸ್ಥೆಯ ಸಮಿತಿ 2025ರ ಜುಲೈನಲ್ಲಿ ಅದೇ ದತ್ತಾಂಶವನ್ನು ನೋಡಿ ಅನುಮತಿ ಬೇಡವೆಂದಿತು.

ಮೈಸೂರು_ಫಿಜಿಯೋ

ಮೇಷ್ಟ್ರ ತರ್ಕ ಸರಿಯಾಗಿದೆ, ಆದರೆ ನಾರ್ತ್ ಸ್ಟಾರ್ ಅಂಕವನ್ನೇ ತೀರ್ಪುಗಾರನನ್ನಾಗಿ ಕೂರಿಸುವುದಕ್ಕೆ ನನ್ನ ಆಕ್ಷೇಪವಿದೆ. ಅದನ್ನು ದಿನನಿತ್ಯ ಬಳಸುವವಳಾಗಿ ಹೇಳುತ್ತಿದ್ದೇನೆ.

ಅದರಲ್ಲಿ 17 ಚಟುವಟಿಕೆಗಳಿವೆ. ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ, ಒಟ್ಟು 34. ನೆಲದಿಂದ ಏಳುವುದನ್ನೇ ತೆಗೆದುಕೊಳ್ಳಿ. ಮಗುವನ್ನು ಅಂಗಾತ ಮಲಗಿಸುತ್ತೇವೆ. ಕೈಯ ನೆರವಿಲ್ಲದೆ ಸಾಮಾನ್ಯ ಮಗುವಿನಂತೆ ಎದ್ದರೆ ಎರಡು. ಹೊಟ್ಟೆಯ ಕಡೆಗೆ ಹೊರಳಿ, ಅಂಗೈಗಳನ್ನು ನೆಲಕ್ಕೆ ಊರಿ, ಕಾಲುಗಳನ್ನು ಅಗಲಿಸಿ, ಸೊಂಟವನ್ನು ಮೇಲೆತ್ತಿ, ಕೈಗಳನ್ನು ಮೊಣಕಾಲಿನಿಂದ ತೊಡೆಯ ಮೇಲೇರಿಸುತ್ತಾ ತನ್ನ ಮೈಯನ್ನು ತಾನೇ ಎತ್ತಿ ನಿಲ್ಲಿಸಿದರೆ ಒಂದು. 1879ರಲ್ಲಿ ವಿಲಿಯಂ ಗವರ್ಸ್ ವಿವರಿಸಿದ ಲಕ್ಷಣ ಇದೇ. ಏಳಲು ಆಗದಿದ್ದರೆ ಸೊನ್ನೆ. ಈಗ ಹೀಗೆ ನಾಲ್ಕು ಸೆಕೆಂಡಿನಲ್ಲಿ ಏಳುವ ಹುಡುಗನಿಗೂ, ಹನ್ನೊಂದು ಸೆಕೆಂಡ್ ಹೆಣಗಿ ಏಳುವ ಹುಡುಗನಿಗೂ ಸಿಗುವುದು ಅದೇ ಒಂದು ಅಂಕ. ಈ ಇಬ್ಬರ ಸ್ನಾಯುಗಳು ಒಂದೇ ಸ್ಥಿತಿಯಲ್ಲಿವೆ ಎಂದು ಯಾವ ಫಿಜಿಯೋ ಕೂಡ ಒಪ್ಪುವುದಿಲ್ಲ. ಆದ್ದರಿಂದ ನಾವು ಪಕ್ಕದಲ್ಲಿ ಸ್ಟಾಪ್‌ವಾಚ್ ಇಟ್ಟುಕೊಳ್ಳುತ್ತೇವೆ. ಏಳುವ ಸಮಯ ಉದ್ದವಾಗುತ್ತಾ ಹೋಗುವುದು, ನಡೆಯುವ ಶಕ್ತಿ ಕುಂದಲಿದೆ ಎಂಬುದರ ಮುನ್ಸೂಚನೆ.

ಇದರ ಜೊತೆಗೆ ಆರು ವರ್ಷದ ಮಗುವಿನ ಮನಸ್ಸು ಎಂಬುದೊಂದಿದೆ. ಹಸಿದು ಬಂದ ದಿನ, ನಿದ್ದೆಗೆಟ್ಟ ದಿನ, ಅಪರಿಚಿತರು ಸುತ್ತ ನಿಂತ ದಿನ ಅದೇ ಮಗು ಎರಡು ಮೂರು ಅಂಕ ಕಡಿಮೆ ತೆಗೆದುಕೊಳ್ಳುವುದನ್ನು ನೋಡಿದ್ದೇನೆ. ಯುರೋಪಿನಲ್ಲಿ ಇದಕ್ಕೊಂದು ಪರಿಹಾರ ಕಂಡುಕೊಂಡಿದ್ದಾರೆ. ಕಾಲಿನ ಗಿಣ್ಣಿಗೆ ಚಿಕ್ಕ ಸಾಧನ ಕಟ್ಟಿ, ಮನೆಯಲ್ಲೂ ಶಾಲೆಯಲ್ಲೂ ಮಗು ಇಡುವ ಹೆಜ್ಜೆಗಳಲ್ಲಿ ಅತಿ ವೇಗದ ಶೇ 5ರಷ್ಟು ಹೆಜ್ಜೆಗಳು ಯಾವ ವೇಗದಿಂದ ಆರಂಭವಾಗುತ್ತವೆ ಎಂದು ಅಳೆಯುತ್ತಾರೆ. ಯುರೋಪಿನ ಔಷಧ ಸಂಸ್ಥೆ 2019ರಲ್ಲಿ ಇದನ್ನು ಪೂರಕ ಅಳತೆಯಾಗಿ ಮಾನ್ಯ ಮಾಡಿ, 2023ರಲ್ಲಿ ಮುಖ್ಯ ಅಳತೆಯಾಗಿಯೂ ಒಪ್ಪಿಕೊಂಡಿತು. ಆಟದಲ್ಲಿ ಮೈಮರೆತ ಮಗುವಿನ ಓಟದಲ್ಲಿ ನಟನೆಯೂ ಇಲ್ಲ, ಅಂಜಿಕೆಯೂ ಇಲ್ಲ.

ದಾವಣಗೆರೆ_ತಂದೆ

ಮೇಡಂ, ಸರ್, ಎಲ್ಲರಿಗೂ ಧನ್ಯವಾದ. ಆದರೆ ಓಟ, ಸಮಯ ಇವೆಲ್ಲ ಹೊರಗಿನಿಂದ ಅಳೆಯುವುದಾಯಿತು. ನಾರುಗಳನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅನುಮಾನಕ್ಕೆ ಎಡೆ ಇರಬಾರದಲ್ಲವೇ?

ಅಂಗಾಂಶ_ಪ್ರಯೋಗಾಲಯ

ಹಾಗೆ ಅನ್ನಿಸುವುದು ಸಹಜ. ಡುಶೇನ್ ಅವರೇ 1860ರ ದಶಕದಲ್ಲಿ ಒಂದು ವಿಶೇಷ ಸೂಜಿ ಮಾಡಿಸಿಕೊಂಡು, ಜೀವಂತ ರೋಗಿಯ ಸ್ನಾಯುವಿನಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದವರು. ಅಂದಿನಿಂದಲೂ ಬಯಾಪ್ಸಿಯ ಮೇಲೆ ಎಲ್ಲರಿಗೂ ಅಪಾರ ಭರವಸೆ.

ಕೆಲಸ ನಡೆಯುವುದು ಹೀಗೆ. ತೊಡೆಯಿಂದಲೋ ಮೀನಖಂಡದಿಂದಲೋ ತೆಗೆದ ಕಡಲೆಕಾಳಿನಷ್ಟು ಚೂರನ್ನು ಉಪ್ಪುನೀರಿನಲ್ಲಿ ತೇವಗೊಳಿಸಿ ಹಿಂಡಿದ ಬಟ್ಟೆಯಲ್ಲಿ ತರುತ್ತಾರೆ. ನಾರುಗಳು ನೆಟ್ಟಗೆ ನಿಲ್ಲುವಂತೆ ಅದನ್ನು ಬಿರಡೆಯ ತುಂಡಿನ ಮೇಲೆ ಅಂಟಿನಿಂದ ಕೂರಿಸಿ, ದ್ರವ ಸಾರಜನಕದಿಂದ ತಣಿಸಿದ ಐಸೋಪೆಂಟೇನ್‌ನಲ್ಲಿ ಮುಳುಗಿಸುತ್ತೇವೆ. ಹೆಪ್ಪುಗಟ್ಟುವುದು ಕ್ಷಣ ತಡವಾದರೂ ಒಳಗೆ ಮಂಜಿನ ಹರಳು ಮೂಡಿ, ನಾರುಗಳ ತುಂಬ ತೂತು ಬೀಳುತ್ತವೆ. ಬಳಿಕ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ತೆಳುವಾಗಿ ಕೊಯ್ದು, ಡಿಸ್ಟ್ರೋಫಿನ್‌ಗೆ ಅಂಟಿಕೊಂಡು ಹೊಳೆಯುವ ಪ್ರತಿಕಾಯ ಹಾಕಿದರೆ, ಆರೋಗ್ಯವಂತ ಸ್ನಾಯುವಿನಲ್ಲಿ ಒತ್ತಾಗಿ ಜೋಡಿಸಿಟ್ಟ ಬಹುಭುಜಗಳು, ಪ್ರತಿಯೊಂದರ ಸುತ್ತ ಒಂದು ಹೊಳೆಯುವ ಗೆರೆ ಕಾಣುತ್ತವೆ. ಡಿಎಂಡಿ ಸ್ನಾಯುವಿನಲ್ಲಿ ಗೆರೆ ಇರುವುದಿಲ್ಲ; ನಾರುಗಳು ದುಂಡಗಾಗಿ, ಒಂದು ದಪ್ಪ ಒಂದು ಸಣ್ಣ ಆಗಿ, ನಡುನಡುವೆ ಕೊಬ್ಬು ಮತ್ತು ಗಾಯದ ಅಂಗಾಂಶ ತುಂಬಿಕೊಂಡಿರುತ್ತದೆ.

ತೊಡಕು ಶುರುವಾಗುವುದು ಎಣಿಕೆಯಲ್ಲಿ. ಮಸುಕಾದ ಗೆರೆ ಇರುವ ನಾರನ್ನು ಡಿಸ್ಟ್ರೋಫಿನ್ ಇರುವ ನಾರೆಂದು ಎಣಿಸಬೇಕೇ ಬಿಡಬೇಕೇ? ಎಟೆಪ್ಲಿರ್ಸೆನ್ ಕಥೆ ಎಲ್ಲರಿಗೂ ತಿಳಿದಿರಬೇಕು. ಎಕ್ಸಾನ್ 51 ಬಿಟ್ಟು ಓದುವಂತೆ ಮಾಡುವ ಆ ಔಷಧದ 12 ಹುಡುಗರ ಪ್ರಯೋಗದಲ್ಲಿ, ಡಿಸ್ಟ್ರೋಫಿನ್ ಕಾಣುವ ನಾರುಗಳು ಸಾಮಾನ್ಯದ ಸುಮಾರು ಶೇ 47ರಷ್ಟಾದವು ಎಂದು 2013ರಲ್ಲಿ ಪ್ರಕಟವಾಯಿತು. ಮುಂದೆ 180ನೇ ವಾರದ ಬಯಾಪ್ಸಿಗಳಲ್ಲಿ ವೆಸ್ಟರ್ನ್ ಬ್ಲಾಟ್ ಮಾಡಿ ಪ್ರೋಟೀನಿನ ಒಟ್ಟು ಪ್ರಮಾಣ ನೋಡಿದಾಗ ಸಿಕ್ಕಿದ್ದು ಸಾಮಾನ್ಯದ ಶೇ 0.93. ಒಂದು ವಿಧಾನ ಎಷ್ಟು ನಾರುಗಳಲ್ಲಿ ಕಾಣುತ್ತದೆ ಎಂದು ಕೇಳುತ್ತದೆ, ಇನ್ನೊಂದು ಒಟ್ಟು ಎಷ್ಟಿದೆ ಎಂದು ಕೇಳುತ್ತದೆ. ಎರಡು ಪ್ರಶ್ನೆಗಳ ಉತ್ತರಗಳನ್ನು ಬೆರೆಸಿದರೆ ಪೋಷಕರು ಮೋಸ ಹೋಗುತ್ತಾರೆ. ಅದರ ಮೇಲೆ, ಚಿಕಿತ್ಸೆಯೇ ಆಗದ ಡಿಎಂಡಿ ಸ್ನಾಯುವಿನಲ್ಲೂ ಅಲ್ಲಲ್ಲಿ ತಾನಾಗಿ ಡಿಸ್ಟ್ರೋಫಿನ್ ಮೂಡಿಸಿಕೊಂಡ ನಾರುಗಳ ಗುಂಪು ಇರುತ್ತದೆ. ಸೂಜಿ ಅಂಥ ಕಡೆ ಬಿದ್ದರೆ ಲೆಕ್ಕವೇ ಬದಲಾಗುತ್ತದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು, ಆದರೆ ಸ್ನಾಯುವಿಗೆ ಆ ನ್ಯಾಯ ಹೊಂದುವುದಿಲ್ಲ.

ಕರಾವಳಿ_ಜೀವಶಾಸ್ತ್ರ

ನಾರಿನ ನಡುವೆ ನ್ಯೂಕ್ಲಿಯಸ್ ಇರುವುದನ್ನು ಎಣಿಸುತ್ತಾರಲ್ಲ, ಅದು ಇದಕ್ಕಿಂತ ನೇರವಾದ ಅಳತೆ ಅಲ್ಲವೇ? ಡಿಸ್ಟ್ರೋಫಿನ್ ಇಲ್ಲದ ಎಂಡಿಎಕ್ಸ್ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಚಿಕಿತ್ಸೆಯ ನಂತರ ಅಂಥ ನಾರುಗಳು ಕಡಿಮೆಯಾದವೆಂದು ಹೆಮ್ಮೆಯಿಂದ ತೋರಿಸುತ್ತಾರೆ.

ಅಂಗಾಂಶ_ಪ್ರಯೋಗಾಲಯ

ಬಹಳ ಒಳ್ಳೆಯ ಪ್ರಶ್ನೆ. ಆರೋಗ್ಯವಂತ ನಾರಿನಲ್ಲಿ ನ್ಯೂಕ್ಲಿಯಸ್‌ಗಳು ಅಂಚಿನಲ್ಲಿರುತ್ತವೆ. ನಡುವೆ ಕಂಡರೆ ಆ ನಾರು ಒಮ್ಮೆ ಸತ್ತು ಮರುಹುಟ್ಟು ಪಡೆದಿದೆ ಎಂದು ತಿಳಿಯುತ್ತೇವೆ. ಚಿಕಿತ್ಸೆ ಫಲಿಸಿ ನಾರುಗಳು ಸಾಯುವುದು ನಿಂತರೆ ಹೊಸ ಮರುಹುಟ್ಟುಗಳು ಕಡಿಮೆಯಾಗುತ್ತವೆ, ನಿಜ. ಆದರೆ ಮರುಹುಟ್ಟಿಗೆ ಬೇಕಾದ ಸ್ಯಾಟಲೈಟ್ ಕೋಶಗಳು ಬಳಲಿ ಕೈಬಿಟ್ಟರೂ ಅವು ಕಡಿಮೆಯಾಗುತ್ತವೆ. ಸಂಖ್ಯೆ ಇಳಿದದ್ದು ಗುಣವಾದುದರಿಂದಲೋ ಸೋತುದರಿಂದಲೋ ಎಂದು ಆ ಸಂಖ್ಯೆಯೊಂದೇ ಹೇಳಲಾರದು. ಇಲಿಯ ಸ್ನಾಯುವಿಗೆ ಮರುಹುಟ್ಟಿನ ಶಕ್ತಿ ಬಹಳ ಇರುವುದರಿಂದ ಅಲ್ಲಿ ಈ ಗೊಂದಲ ಕಡಿಮೆ. ಹುಡುಗರಲ್ಲಿ ಇದೇ ದೊಡ್ಡ ಗೊಂದಲ.

ಕರಾವಳಿ_ಜೀವಶಾಸ್ತ್ರ

ಹಾಗಾದರೆ ರಕ್ತದಲ್ಲಿ ಅಳೆಯುವ ಸ್ನಾಯುವಿನ ಕಿಣ್ವ ಸಿಪಿಕೆಯ ಕಥೆಯೂ ಇಷ್ಟೇ ಎಂದಾಯಿತು.

ಔಷಧದಂಗಡಿ_ಶಿವಮೊಗ್ಗ

ಹೌದು, ಸಿಪಿಕೆ ಇಳಿಯಿತೆಂದು ಸಂಭ್ರಮಿಸುವ ಪೋಷಕರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ನಾರಿನ ಪೊರೆ ಹರಿದಾಗ ಸಿಪಿಕೆ ರಕ್ತಕ್ಕೆ ಸೋರುತ್ತದೆ. ಪೊರೆ ಗಟ್ಟಿಯಾದರೆ ಸೋರಿಕೆ ಇಳಿಯುತ್ತದೆ. ಆದರೆ ಸೋರಲು ಸ್ನಾಯುವೇ ಉಳಿಯದಿದ್ದರೂ ಅದು ಇಳಿಯುತ್ತದೆ, ಮಗು ನಾಲ್ಕು ದಿನ ಜ್ವರದಲ್ಲಿ ಮಲಗಿ ಎದ್ದರೂ ಇಳಿಯುತ್ತದೆ.

ಇನ್ನೊಂದು ವಿಷಯವನ್ನು ಇಲ್ಲಿಯೇ ಸೇರಿಸುತ್ತೇನೆ. ಯಕೃತ್ತಿನ ಪರೀಕ್ಷೆಯಲ್ಲಿ ನೋಡುವ ಎಸ್‌ಜಿಒಟಿ, ಎಸ್‌ಜಿಪಿಟಿ ಕಿಣ್ವಗಳು ಸ್ನಾಯುವಿನಿಂದಲೂ ಬರುತ್ತವೆ. ಡಿಎಂಡಿ ಮಕ್ಕಳಲ್ಲಿ ಇವು ಯಾವಾಗಲೂ ಏರಿಯೇ ಇರುವುದರಿಂದ, ಜೀನ್ ಥೆರಪಿಯ ನಂತರ ಯಕೃತ್ತಿಗೆ ಪೆಟ್ಟು ಬಿದ್ದಿದೆಯೇ ಎಂದು ನೋಡಲು ಜಿಜಿಟಿ ಮತ್ತು ಬಿಲಿರುಬಿನ್ ಪರೀಕ್ಷಿಸುತ್ತಾರೆ. ಜಿಜಿಟಿ ಸ್ನಾಯುವಿನಿಂದ ಬರುವುದಿಲ್ಲ.

ಬೆಳಗಾವಿ_ತಾಯಿ

ಮೇಲಿನ ಮಾತು ಓದಿ ಮನಸ್ಸಿಗೆ ಬಹಳ ನೋವಾಯಿತು, ಏಕೆಂದರೆ ನನ್ನ ಮಗನಿಗೆ ಎಸ್‌ಜಿಪಿಟಿ ಹೆಚ್ಚಿದೆ ಎಂದು ಒಂದು ಆಸ್ಪತ್ರೆಯಲ್ಲಿ ಬಹಳ ಕಾಲ ಲಿವರ್ ಔಷಧಿಯನ್ನೇ ಕೊಟ್ಟರು. ಸಿಪಿಕೆ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆಮೇಲೆ ನಿಮ್ಹಾನ್ಸ್‌ಗೆ ಹೋದಾಗ ರಕ್ತದ ಜೀನ್ ಪರೀಕ್ಷೆಯಿಂದ ರೋಗ ತಿಳಿಯಿತು.

ಅವನಿಗೆ ಈಗ ಹದಿನೈದು. ಗಾಲಿಕುರ್ಚಿಯಲ್ಲಿದ್ದಾನೆ. ಇಲ್ಲಿ ಎಲ್ಲರೂ ಓಟ, ಮೆಟ್ಟಿಲು, ನೆಲದಿಂದ ಏಳುವುದು ಎಂದು ಬರೆಯುತ್ತಿದ್ದೀರಿ. ನನ್ನ ಮಗ ತುತ್ತನ್ನು ತಾನೇ ಬಾಯಿಗೆ ತೆಗೆದುಕೊಳ್ಳುತ್ತಾನೆ, ಮೊಬೈಲಿನಲ್ಲಿ ತಾನೇ ಬರೆಯುತ್ತಾನೆ, ಗಣಿತದಲ್ಲಿ ತರಗತಿಗೇ ಮುಂದಿದ್ದಾನೆ. ಆ ಕೈ ಇನ್ನೂ ಐದು ವರ್ಷ ಹಾಗೆಯೇ ಉಳಿದರೆ ನನಗೆ ಅದೇ ಚೇತರಿಕೆ. ಅಂಥದ್ದನ್ನು ಅಳೆಯುವ ಅಳತೆ ಇಲ್ಲವೇ? ನಡೆಯಲಾಗದ ಮಕ್ಕಳನ್ನು ಲೆಕ್ಕದಿಂದಲೇ ತೆಗೆದುಬಿಟ್ಟಿದ್ದಾರೆಯೇ?

ಮೈಸೂರು_ಫಿಜಿಯೋ

ಅಮ್ಮಾ, ಅಳತೆ ಖಂಡಿತ ಇದೆ. ಪಿಯುಎಲ್ ಎಂಬ ಪರೀಕ್ಷೆ ಭುಜ, ಮೊಣಕೈ, ಅಂಗೈ ಮೂರು ಹಂತಗಳಲ್ಲಿ ಕೈಯ ಶಕ್ತಿಯನ್ನು ಅಳೆಯುತ್ತದೆ. ಈಗ ಬಳಸುವ ಆವೃತ್ತಿಯಲ್ಲಿ ಒಟ್ಟು 42 ಅಂಕ. ಲೋಟವನ್ನು ಬಾಯಿಗೆ ತರುವುದು, ಮೇಜಿನ ಮೇಲೆ ಕೈ ಎತ್ತಿಡುವುದು, ನಾಣ್ಯ ಹೆಕ್ಕುವುದು ಎಲ್ಲವೂ ಅದರಲ್ಲಿವೆ. ಉಸಿರಿನ ಶಕ್ತಿಗೆ ಎಫ್‌ವಿಸಿ (ಪೂರ್ಣ ಉಸಿರೆಳೆದು ಜೋರಾಗಿ ಊದಿ ಹೊರಹಾಕುವ ಗಾಳಿಯ ಪ್ರಮಾಣ) ನೋಡುತ್ತಾರೆ. ನಿಮ್ಮ ಮಗನಿಗೆ ಇವೆರಡನ್ನೂ ಆರು ತಿಂಗಳಿಗೊಮ್ಮೆ ಮಾಡಿಸಿ ದಾಖಲೆ ಇಟ್ಟುಕೊಳ್ಳಿ. ಹೃದಯದ ಎಕೋ ತಪ್ಪಿಸಲೇಬೇಡಿ. ಕಾಲಿನ ಬಯಾಪ್ಸಿಯಲ್ಲಿ ಎಷ್ಟೇ ಡಿಸ್ಟ್ರೋಫಿನ್ ಕಂಡರೂ ಹೃದಯದ ಸ್ಥಿತಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ನೇರನುಡಿ

ಬೆಳಗಾವಿಯ ತಾಯಿಯವರ ಪ್ರಶ್ನೆಯೇ ನನ್ನ ಪ್ರಶ್ನೆ. ದೊಡ್ಡ ಮಕ್ಕಳಿಗೆ ಔಷಧವನ್ನು ನಿಲ್ಲಿಸಿದ್ದು ಅನ್ಯಾಯವಲ್ಲವೇ? ಅಪಾಯವನ್ನು ಹೊರಲು ಕುಟುಂಬ ಸಿದ್ಧವಿದ್ದರೆ ಸರ್ಕಾರಕ್ಕೇನು?

ಔಷಧದಂಗಡಿ_ಶಿವಮೊಗ್ಗ

ನೇರನುಡಿ ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ನಿಲ್ಲಿಸಿದ್ದು ಏಕೆ ಎಂಬುದನ್ನೂ ನೋಡಬೇಕು. 2025ರ ಮಾರ್ಚ್ ಮತ್ತು ಜೂನ್‌ನಲ್ಲಿ, ನಡೆಯಲಾಗದ ಇಬ್ಬರು ಹುಡುಗರು ಎಲೆವಿಡಿಸ್ ಪಡೆದ ಮೇಲೆ ಯಕೃತ್ತು ವಿಫಲವಾಗಿ ತೀರಿಕೊಂಡ ಸುದ್ದಿ ಹೊರಬಂತು. ಆ ವರ್ಷದ ನವೆಂಬರ್‌ನಲ್ಲಿ ಎಫ್‌ಡಿಎ ಅತ್ಯುನ್ನತ ಮಟ್ಟದ ಎಚ್ಚರಿಕೆಯನ್ನು ಲೇಬಲ್ಲಿಗೆ ಸೇರಿಸಿ, ನಾಲ್ಕು ವರ್ಷ ದಾಟಿದ, ನಡೆಯಬಲ್ಲ ಮಕ್ಕಳಿಗೆ ಮಾತ್ರ ಎಂದು ಮಿತಿಗೊಳಿಸಿತು. ಫೈಜರ್‌ನ ಇಂಥದ್ದೇ ಜೀನ್ ಥೆರಪಿಯ ಪ್ರಯೋಗಗಳಲ್ಲೂ ಇಬ್ಬರು ಹುಡುಗರು ತೀರಿಕೊಂಡಿದ್ದರು. ಅದರ ದೊಡ್ಡ ಪ್ರಯೋಗ 2024ರಲ್ಲಿ ಗುರಿ ಮುಟ್ಟದೆ ಹೋಯಿತು.

ಡೋಸನ್ನು ತೂಕದ ಮೇಲೆ ಲೆಕ್ಕ ಹಾಕುತ್ತಾರೆ: ಕಿಲೋ ಒಂದಕ್ಕೆ 133 ಲಕ್ಷ ಕೋಟಿ ವೈರಸ್ ಕಣಗಳು. ದೇಹ ದೊಡ್ಡದಾದಷ್ಟೂ ಒಟ್ಟು ವೈರಸ್ಸಿನ ಹೊರೆ ದೊಡ್ಡದು, ಅದರ ಬಹುಪಾಲು ಹೋಗಿ ಸೇರುವುದು ಯಕೃತ್ತಿಗೆ. ಅದೇ ಹೊತ್ತಿಗೆ ಹದಿನೈದು ವರ್ಷದ ಹುಡುಗನಲ್ಲಿ ಔಷಧ ಕಾಪಾಡಬಹುದಾದ ಸ್ನಾಯು ಕಡಿಮೆ ಉಳಿದಿರುತ್ತದೆ. ಅಪಾಯ ಏರುತ್ತದೆ, ಲಾಭ ಇಳಿಯುತ್ತದೆ. ಅಪಾಯವನ್ನು ಹೊರುವುದು ಮಗುವಿನ ದೇಹ ಎಂಬುದನ್ನು ಮರೆಯಬಾರದು.

ಬೆಳಗಾವಿ_ತಾಯಿ

ಅರ್ಥವಾಯಿತು. ಬೇಸರವಾದರೂ ಕಾರಣ ತಿಳಿದದ್ದು ಒಳ್ಳೆಯದಾಯಿತು.

ಎಂಆರ್‌ಐ_ತಂತ್ರಜ್ಞ

ಇಷ್ಟು ಹೊತ್ತು ಯಾರೂ ಎಂಆರ್‌ಐ ಎತ್ತಲಿಲ್ಲವೆಂದು ಆಶ್ಚರ್ಯವಾಯಿತು. ಮೂಲ ಪ್ರಶ್ನೆಗೆ ನನ್ನ ಪ್ರಕಾರ ಅತ್ಯಂತ ಪ್ರಾಮಾಣಿಕ ಉತ್ತರ ಅಲ್ಲಿದೆ.

ಡಿಕ್ಸನ್ ಎಂಬ ವಿಧಾನದಲ್ಲಿ ನೀರಿನ ಸಂಕೇತವನ್ನೂ ಕೊಬ್ಬಿನ ಸಂಕೇತವನ್ನೂ ಬೇರ್ಪಡಿಸಿ, ಸ್ನಾಯುವಿನ ಒಂದೊಂದು ಚುಕ್ಕೆಯಲ್ಲಿ ಕೊಬ್ಬು ಶೇಕಡ ಎಷ್ಟಿದೆ ಎಂದು ಲೆಕ್ಕ ಹಾಕಬಹುದು. ತೊಡೆಯ ಹೊರಬದಿಯ ವಾಸ್ಟಸ್ ಲ್ಯಾಟರಾಲಿಸ್ ಸ್ನಾಯುವಿನಲ್ಲಿ ಈ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೇಗೆ ಏರುತ್ತದೆ ಎಂಬುದನ್ನು ಫ್ಲಾರಿಡಾ ವಿಶ್ವವಿದ್ಯಾಲಯದ ನೇತೃತ್ವದ ಇಮೇಜಿಂಗ್ ಡಿಎಂಡಿ ಅಧ್ಯಯನ 2010ರಿಂದ ದಾಖಲಿಸುತ್ತಾ ಬಂದಿದೆ. ಹುಡುಗ ಹೊರಗೆ ಚೆನ್ನಾಗಿ ಓಡಾಡುತ್ತಿರುವಾಗಲೇ ಒಳಗೆ ಕೊಬ್ಬು ಏರುತ್ತಿರುವುದು ಇದರಲ್ಲಿ ಕಾಣುತ್ತದೆ. ಬಯಾಪ್ಸಿಯ ಹಾಗೆ ಒಂದು ಚೂರಲ್ಲ, ಇಡೀ ತೊಡೆಯೇ ಕಣ್ಣ ಮುಂದಿರುತ್ತದೆ; ಮಗುವಿನ ಉತ್ಸಾಹ, ಅಂಜಿಕೆಗಳಿಗೂ ಇಲ್ಲಿ ಜಾಗವಿಲ್ಲ.

ಆದರೆ ಈ ಅಳತೆ ಒಂದು ಕಠಿಣ ಸತ್ಯವನ್ನೂ ಹೇಳುತ್ತದೆ. ಕೊಬ್ಬಾಗಿ ಹೋದ ಜಾಗದಲ್ಲಿ ನಾರು ಮತ್ತೆ ಹುಟ್ಟಿದ್ದನ್ನು ಈ ಔಷಧಗಳಲ್ಲಿ ಯಾವುದೂ ತೋರಿಸಿಲ್ಲ. ಔಷಧ ಫಲಿಸಿದರೆ ಆ ಏರಿಕೆ ನಿಧಾನವಾಗಬೇಕು ಅಥವಾ ನಿಲ್ಲಬೇಕು. ಹಾಗಾಗಿ ಡಿಎಂಡಿಯಲ್ಲಿ ಚೇತರಿಕೆ ಎಂದರೆ ಕಳೆದದ್ದು ಮರಳುವುದಲ್ಲ, ಇದ್ದದ್ದು ಉಳಿಯುವುದು. ಅದನ್ನು ತೋರಿಸಲು ಒಂದು ವರ್ಷ ಸಾಲದು. ಇಳಿಯಬೇಕಾದ ವಯಸ್ಸಿನಲ್ಲಿ ಇಳಿಯಲಿಲ್ಲ ಎಂದು ಹೇಳಲು ಆ ವಯಸ್ಸಿನವರೆಗೂ ಅಳೆಯುತ್ತಾ ಹೋಗಬೇಕು.

ಸಂಖ್ಯಾಶಾಸ್ತ್ರದ_ಮೇಷ್ಟ್ರು

ಕೊನೆಯ ಪ್ಯಾರಾವನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಎಂಬಾರ್ಕ್‌ನಲ್ಲಿ ಒಂದು ವರ್ಷದ ನಂತರ ದ್ರಾವಣ ಪಡೆದ ಮಕ್ಕಳಿಗೂ ಔಷಧ ಕೊಟ್ಟರು. ಆಮೇಲಿನ ವರ್ಷಗಳ ಹೋಲಿಕೆಯೆಲ್ಲ ಬೇರೆ ಕಡೆಯ, ಬೇರೆ ಕಾಲದ ಮಕ್ಕಳ ದಾಖಲೆಗಳ ಜೊತೆಗೆ. ವಯಸ್ಸು, ಸ್ಟಿರಾಯ್ಡ್, ಆರಂಭದ ಅಂಕ ಎಲ್ಲವನ್ನೂ ಹೊಂದಿಸಿದರೂ ಅಂಥ ಹೋಲಿಕೆಯನ್ನು ಎಚ್ಚರದಿಂದಲೇ ಓದಬೇಕು.

ಅಂಗಾಂಶ_ಪ್ರಯೋಗಾಲಯ

ಕಾಲದ ವಿಷಯ ಬಂದದ್ದರಿಂದ ಇದನ್ನು ಹೇಳಲೇಬೇಕು. ಎಎವಿ ತಂದ ಜೀನ್ ನಮ್ಮ ವರ್ಣತಂತುವಿಗೆ ಬಹುಮಟ್ಟಿಗೆ ಸೇರಿಕೊಳ್ಳುವುದಿಲ್ಲ, ನ್ಯೂಕ್ಲಿಯಸ್ಸಿನಲ್ಲಿ ಬಿಡಿಯಾಗಿ ಉಳಿಯುತ್ತದೆ. ಮಗು ಬೆಳೆದಂತೆ ಹೊಸ ಕೋಶಗಳು ನಾರಿಗೆ ಬೆಸೆದುಕೊಳ್ಳುತ್ತವೆ, ಅವುಗಳಲ್ಲಿ ಆ ಜೀನ್ ಇರುವುದಿಲ್ಲ. ಪಾಲು ತೆಳುವಾಗುತ್ತಾ ಹೋಗುತ್ತದೆ. ಒಮ್ಮೆ ಕೊಟ್ಟರೆ ದೇಹದಲ್ಲಿ ಪ್ರತಿಕಾಯ ಹುಟ್ಟುವುದರಿಂದ ಅದೇ ಔಷಧವನ್ನು ಮತ್ತೆ ಕೊಡಲೂ ಸದ್ಯಕ್ಕೆ ಸಾಧ್ಯವಿಲ್ಲ. ಆದ್ದರಿಂದ 12ನೇ ವಾರದ ಬಯಾಪ್ಸಿ ಶಾಶ್ವತದ ಭರವಸೆ ಅಲ್ಲ.

ತುಂಗಾತೀರ

ನಮ್ಮ ಸರ್ಕಾರದಿಂದ ನೆರವು ಸಿಗುವುದಿಲ್ಲವೇ?

ಔಷಧದಂಗಡಿ_ಶಿವಮೊಗ್ಗ

2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವಿದೆ, ಡಿಎಂಡಿ ಆ ನೀತಿಯ ಮೂರನೇ ಗುಂಪಿನಲ್ಲಿದೆ. 25 ಕೋಟಿಗೆ ಅದು ಎಲ್ಲಿ ಸಾಲುತ್ತದೆ? ಆದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿ ಸೇರಿದೆ, ಆ ಪ್ರಮಾಣಪತ್ರವನ್ನು ತಪ್ಪದೆ ಮಾಡಿಸಿ. ದಾವಣಗೆರೆಯ ಸರ್, ನಿಮ್ಮ ಮಗನ 45-50 ಲೋಪ ಎಕ್ಸಾನ್ 51 ಬಿಡಿಸುವ ಔಷಧಕ್ಕೆ ಹೊಂದುವಂಥದ್ದು. ಪೋಷಕರೇ ಕಟ್ಟಿದ ಬೆಂಗಳೂರಿನ ಡಾರ್ಟ್ ಸಂಸ್ಥೆ ಆ ಮಾರ್ಗದಲ್ಲಿ ಸಂಶೋಧನೆ ನಡೆಸುತ್ತಿದೆ, ವಿಚಾರಿಸಿ ನೋಡಿ.

ದಾವಣಗೆರೆ_ತಂದೆ

ಎಲ್ಲರಿಗೂ ಕೈಮುಗಿಯುತ್ತೇನೆ. ಮನೆಯವರ ಜೊತೆ ಕುಳಿತು ಇದನ್ನೆಲ್ಲ ಓದಿ ಹೇಳಿದೆ. ಹಣ ಕೂಡಿಸುವ ಮಾತನ್ನು ಸದ್ಯಕ್ಕೆ ಕೈಬಿಟ್ಟಿದ್ದೇವೆ. ಸ್ಟಿರಾಯ್ಡ್ ಮುಂದುವರಿಸಿ, ಮಗನ ಇಂದಿನ ಸ್ಥಿತಿಯನ್ನು ಸರಿಯಾಗಿ ಅಳೆಸಿ ಇಟ್ಟುಕೊಳ್ಳಬೇಕೆಂದು ನಿರ್ಧರಿಸಿದ್ದೇವೆ. ಮುಂದೆ ಯಾವ ಚಿಕಿತ್ಸೆ ಬಂದರೂ ಹೋಲಿಸಲು ಅದು ಬೇಕಾಗುತ್ತದೆಯಲ್ಲವೇ? ಎಂಆರ್‌ಐ ಮಾಡಿಸುವಾಗ ಏನನ್ನು ಕೇಳಬೇಕು?

ನೇರನುಡಿ

ಸರ್, ನನ್ನ ಅಭಿಪ್ರಾಯ ಈಗಲೂ ಬೇರೆಯೇ. ಅಳೆಯುತ್ತಾ ಕೂತರೆ ಇಳಿಯುವ ವಯಸ್ಸು ಬಂದೇಬಿಡುತ್ತದೆ, ಇದ್ದದ್ದನ್ನು ಉಳಿಸಬೇಕೆಂದರೆ ಬೇಗ ಕೊಡುವುದೇ ದಾರಿ. ಆದರೆ ಮೊದಲು ಅಳೆಸುವುದರಲ್ಲಿ ತಪ್ಪಿಲ್ಲ.

ಮೈಸೂರು_ಫಿಜಿಯೋ

ನೆಲದಿಂದ ಏಳುವುದು, 10 ಮೀಟರ್ ಓಟ, ನಾಲ್ಕು ಮೆಟ್ಟಿಲು ಹತ್ತುವುದು, ಇವುಗಳ ಸಮಯವನ್ನು ಆರು ತಿಂಗಳಿಗೊಮ್ಮೆ ಒಬ್ಬರೇ ಫಿಜಿಯೋ ಅವರಿಂದ, ಬೆಳಗಿನ ಹೊತ್ತಿನಲ್ಲಿ, ಬರಿಗಾಲಿನಲ್ಲಿ ಅಳೆಸಿ. ಮನೆಯಲ್ಲಿ ದಿನಾ ಓಡಿಸಿ ಅಳೆಯಬೇಡಿ, ಮಗು ದಣಿಯುತ್ತದೆ, ಬೇಸರಪಟ್ಟುಕೊಳ್ಳುತ್ತದೆ.

ಎಂಆರ್‌ಐ_ತಂತ್ರಜ್ಞ

ಎರಡೂ ತೊಡೆಗಳ ಡಿಕ್ಸನ್ ಚಿತ್ರ ಬೇಕೆಂದು ನರರೋಗ ತಜ್ಞರಿಂದ ಚೀಟಿ ಬರೆಸಿಕೊಳ್ಳಿ. ಬಣ್ಣದ ಇಂಜೆಕ್ಷನ್ ಬೇಕಿಲ್ಲ. ತೊಡೆಮೂಳೆಯ ಯಾವ ಬಿಂದುವಿನಿಂದ ಎಷ್ಟು ದೂರದಲ್ಲಿ ಚಿತ್ರ ತೆಗೆದರೆಂದು ವರದಿಯಲ್ಲಿ ಬರೆಸಿ, ಇಲ್ಲದಿದ್ದರೆ ಮುಂದಿನ ವರ್ಷ ಬೇರೆ ಜಾಗವನ್ನು ಹೋಲಿಸಿದಂತಾಗುತ್ತದೆ. ಸ್ಟಿರಾಯ್ಡಿನ ಪ್ರಮಾಣ ಇತ್ತೀಚೆಗೆ ಬದಲಾಗಿದ್ದರೆ ಅದನ್ನೂ ಹೇಳಿ, ಏಕೆಂದರೆ ಉರಿಯೂತ ತೋರಿಸುವ ಟಿ2 ಅಳತೆ ಸ್ಟಿರಾಯ್ಡಿನಿಂದಲೇ ಇಳಿಯುತ್ತದೆ. ಮುದ್ರಿತ ಫಿಲ್ಮ್ ಒಂದೇ ಸಾಲದು, ಮೂಲ ಡೈಕಾಮ್ ಫೈಲುಗಳ ಸಿಡಿಯನ್ನು ಕೇಳಿ ಪಡೆದುಕೊಳ್ಳಿ. ಕೆಲವು ಕೇಂದ್ರಗಳು ಕೆಲ ವರ್ಷಗಳಾದ ಮೇಲೆ ಅವನ್ನು ಅಳಿಸಿಬಿಡುತ್ತವೆ.